ಬೆಳಗಿನ ಐದರ ಟಪಾಲು

ವೇದಿಕೆಯ ಮೇಲೆ ಆಸೀನರಾಗಿರುವ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಇಂದಿನ ಸತ್ಕಾರಮೂರ್ತಿಗಳಾದ ಬಾಳಾಸಾಹೇಬರೇ, ನನ್ನ ಪಕ್ಕದಲ್ಲಿ ನಿಂತು ನನ್ನ ಮಾತುಗಳನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಿರುವ ಗೌರವ್ವನವರೇ, ರವಿವಾರದ ಮಧ್ಯಾಹ್ನದ ನಿದ್ದೆಯನ್ನು ಬಿಟ್ಟು ಬೆಳಗಾವಿಯ ಓಣಿಓಣಿಗಳಿಂದಲೂ ಖಾನಾಪುರದಿಂದಲೂ ಇಲ್ಲಿ ಬಂದು ಕುಳಿತಿರುವ ಸಭಿಕರೇ,

ನಾನು ಖಾನಾಪುರದಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ ಕಳೆದ ವರ್ಷವಷ್ಟೇ ನಿವೃತ್ತಳಾದವಳು. ಹೆಸರು ಸಂಗವ್ವ. ನಲವತ್ತು ನಿಮಿಷದ ತಾಸಿನಲ್ಲಿ ಪಾಠ ಮುಗಿದರೂ ಗಂಟೆ ಹೊಡೆಯುವವರೆಗೆ ಮಾತಾಡುವುದು ನಮ್ಮ ವೃತ್ತಿಯ ರೋಗ. ಇಲ್ಲಿ ಗಂಟೆ ಹೊಡೆಯುವವರು ಯಾರೂ ಕಾಣುತ್ತಿಲ್ಲ. ಆದ್ದರಿಂದ ಗೌರವ್ವನವರೇ, ನಿಮ್ಮ ಕೈ ನೋಯತೊಡಗಿದಾಗ ನನ್ನ ಸೆರಗು ಜಗ್ಗಿರಿ.

ಬಾಳಾಸಾಹೇಬರ ಬಗ್ಗೆ ಎರಡು ಮಾತಾಡಬೇಕೆಂದು ಸಂಘಟಕರು ಹೇಳಿದರು. ನನ್ನ ಹಿಂದೆ ಮಾತಾಡಿದವರು ಅವರನ್ನು ಬೆಳಗಾವಿಯ ಕಂಪ್ಯೂಟರ್ ಭೀಷ್ಮ ಎಂದರು. ರೇಡಿಯೋ ರಿಪೇರಿಯ ಅಂಗಡಿಯಲ್ಲಿ ಕುಳಿತು, ಫೋನಿನ ತಂತಿಯಿಂದ ಊರಿಗೆಲ್ಲ ಒಂದು ಬಿಬಿಎಸ್ ನಡೆಸಿದರು ಎಂದರು. ಬಿಬಿಎಸ್ ಎಂದರೇನೆಂದು ಗೊತ್ತಿಲ್ಲದವರು ನನ್ನ ವಯಸ್ಸಿನವರಲ್ಲಿ ಬಹಳ ಜನ ಇದ್ದೀರಿ ಎಂದು ನಿಮ್ಮ ಮುಖ ನೋಡಿದರೆ ತಿಳಿಯುತ್ತದೆ. ಸರಳವಾಗಿ ಹೇಳುತ್ತೇನೆ. ಶಾಲೆಯ ಬಾಗಿಲಲ್ಲಿ ಸೂಚನಾ ಫಲಕ ಇರುತ್ತದಲ್ಲ? ಅಂಥದ್ದೇ ಒಂದು ಫಲಕ, ಆದರೆ ಅದು ಬಾಳಾಸಾಹೇಬರ ಕಂಪ್ಯೂಟರಿನ ಒಳಗಿದೆ. ನಿಮ್ಮ ಮನೆಯ ಕಂಪ್ಯೂಟರಿನಿಂದ ಅವರ ಅಂಗಡಿಗೆ ಫೋನು ಹಚ್ಚಿದರೆ ಅದು ನಿಮ್ಮ ತೆರೆಯ ಮೇಲೆ ತೆರೆದುಕೊಳ್ಳುತ್ತದೆ. ಓದಬಹುದು, ಬರೆಯಬಹುದು, ಒಬ್ಬರಿಗೇ ಗುಟ್ಟಾಗಿ ಕಾಗದ ಬಿಡಬಹುದು. ಎರಡು ಯಂತ್ರಗಳ ನಡುವೆ ಮೋಡೆಮ್ ಎಂಬ ಒಂದು ಸಣ್ಣ ಡಬ್ಬಿ ಕುಳಿತು ಅಕ್ಷರವನ್ನು ಚೀರಾಟ ಮಾಡಿ ಆ ಕಡೆ ಕಳಿಸುತ್ತದೆ. ಆ ಕಡೆಯ ಡಬ್ಬಿ ಚೀರಾಟವನ್ನು ಮತ್ತೆ ಅಕ್ಷರ ಮಾಡುತ್ತದೆ.

ಇಷ್ಟೇ. ಆದರೆ ಇಷ್ಟೇ ಎಂದು ಹೇಳಿ ಮುಗಿಸಲು ನನ್ನಿಂದ ಆಗುವುದಿಲ್ಲ. ಏಕೆಂದರೆ ಆ ಚೀರಾಟದಿಂದ ನಮ್ಮ ಮನೆಯಲ್ಲಿ ಆದದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಜುಮ್ಮೆನ್ನುತ್ತದೆ.

ನನ್ನ ಮಗ ಅನಿಕೇತ ಇಲ್ಲೇ ಮೂರನೆಯ ಸಾಲಿನಲ್ಲಿ ಕುಳಿತಿದ್ದಾನೆ. ಎಂಟು ತಿಂಗಳ ಕೂಸಾಗಿದ್ದಾಗ ಮೆದುಳುಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ಅವನ ಕಿವಿಯನ್ನು ತೆಗೆದುಕೊಂಡು ಹೋಯಿತು. ನಾನು ಕನ್ನಡ ಟೀಚರು. ನನ್ನ ಮಗನಿಗೆ ಕನ್ನಡ ಬಾರದಿದ್ದರೆ ಹೇಗೆ? ಬಾಗಿಲಿಗೆ 'ಬಾಗಿಲು' ಎಂದು ಚೀಟಿ ಅಂಟಿಸಿದೆ. ಗಡಿಗೆಗೆ, ಕಂಬಕ್ಕೆ, ಎಮ್ಮೆಯ ಕೊಂಬಿಗೆ ಕೂಡ ಚೀಟಿ. ಹಾಗೆ ಕಲಿಸಿದೆ. ಆದ್ದರಿಂದ ಅವನ ಕನ್ನಡ ಅಚ್ಚ ಪುಸ್ತಕದ ಕನ್ನಡ. ನಾವೆಲ್ಲ ಅವ್ವನ ಮಡಿಲಲ್ಲಿ ಕೇಳಿ ಕೇಳಿ ಕಲಿತ ಮಾತು ಅವನದಲ್ಲ. ಅವನು ಯಾರ ಮಾತನ್ನೂ ಕೇಳಿದವನೇ ಅಲ್ಲ.

ಅವನಿಗೂ ನನಗೂ ನಮ್ಮದೇ ಒಂದು ಕೈಸನ್ನೆ ಬೆಳೆಯಿತು. ಮುಂದೆ ಅವನು ಇಲ್ಲೇ ಬೆಳಗಾವಿಯ ಕಿವುಡ ಮಕ್ಕಳ ಶಾಲೆಗೆ ಸೇರಿದ, ಅಲ್ಲಿ ಬೇರೆ ಸನ್ನೆಗಳನ್ನು ಕಲಿತ, ಆದರೂ ಮನೆಗೆ ಬಂದರೆ ನಮ್ಮ ಸನ್ನೆಯೇ. ಅವನ ಅಪ್ಪ, ನಮ್ಮ ಮನೆಯವರು, ಸಿದ್ದಪ್ಪನವರು, ಬಸ್ಸಿನ ಡ್ರೈವರು. ಖಾನಾಪುರದಿಂದ ಬೆಳಗಾವಿಗೆ, ಬೆಳಗಾವಿಯಿಂದ ಖಾನಾಪುರಕ್ಕೆ. ಅವರಿಗೆ ಬರುತ್ತಿದ್ದ ಸನ್ನೆಗಳು ಮೂರು: ನಿಲ್ಲು, ಬಾ, ಹಿಂದಕ್ಕೆ ಸರಿ. ಬೇರೆ ಏನಾದರೂ ಹೇಳಬೇಕಾದರೆ ನನ್ನ ಕಡೆ ನೋಡುತ್ತಿದ್ದರು. ಮಗನೂ ಅಷ್ಟೇ, ಅಪ್ಪನಿಗೆ ಏನಾದರೂ ಹೇಳಬೇಕಾದರೆ ನನ್ನ ಕಡೆ ನೋಡುತ್ತಿದ್ದ. ನಾನು ಇಬ್ಬರಿಗೂ ಹೇಳುತ್ತಿದ್ದೆ. ಅಪ್ಪ ಸಿಟ್ಟಿನಿಂದ ಹತ್ತು ಮಾತು ಬೈದರೆ ಮಗನಿಗೆ ಎರಡು ಮುಟ್ಟಿಸುತ್ತಿದ್ದೆ. ಮಗ ಹಠ ಹಿಡಿದು ಐದು ಕೇಳಿದರೆ ಅಪ್ಪನಿಗೆ ಒಂದು ಮುಟ್ಟಿಸುತ್ತಿದ್ದೆ. ಮನೆ ಶಾಂತವಾಗಿತ್ತು. ಯಾವ ತಾಯಿ ಹಾಗೆ ಮಾಡುವುದಿಲ್ಲ ಹೇಳಿ?

ಗೌರವ್ವನವರೇ, ಇದನ್ನೂ ಹೇಳಿದಿರಾ? ಹೇಳಿದ್ದೀರಿ. ಅವನು ನಗುತ್ತಿದ್ದಾನೆ.

ಅನಿಕೇತನಿಗೆ ಯಂತ್ರಗಳ ಹುಚ್ಚು. ಶಾಲೆ ಮುಗಿಸಿ ಬಾಳಾಸಾಹೇಬರ ಅಂಗಡಿ ಸೇರಿದ. ಅಂಗಡಿಯ ಮೇಲೆಯೇ ಒಂದು ಕೋಣೆ. ಅಪ್ಪ ದಿನಾಲೂ ಅದೇ ಊರಿಗೆ ಬಸ್ಸು ತರುತ್ತಾರೆ, ನಾನು ಕಟ್ಟಿದ ಬುತ್ತಿಯ ಡಬ್ಬಿಯನ್ನು ಅಂಗಡಿಗೆ ಮುಟ್ಟಿಸುತ್ತಾರೆ. ಮಗ ಕೆಳಗೆ ಬರುತ್ತಾನೆ. ಅಪ್ಪ ಡಬ್ಬಿ ಕೊಡುತ್ತಾರೆ. ಮಗ ಖಾಲಿ ಡಬ್ಬಿ ಕೊಡುತ್ತಾನೆ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆಮೇಲೆ ಅಪ್ಪ ಬಸ್ಸಿಗೆ, ಮಗ ಕೆಲಸಕ್ಕೆ. ದಿನಾಲೂ ಭೆಟ್ಟಿ, ಒಂದು ದಿನವೂ ಮಾತಿಲ್ಲ.

ಸಂಜೆ ನಾನು ಕೇಳುತ್ತಿದ್ದೆ, "ಹೆಂಗ ಅದಾನ್ರೀ ಹುಡುಗ?"

"ಡಬ್ಬಿ ಖಾಲಿ ಐತಿ. ಅಂದ್ರ ಚೊಲೋ ಅದಾನ."

ಒಂದು ದಿನ ಬಾಳಾಸಾಹೇಬರೇ ನಮ್ಮ ಮನೆಗೆ ಬಂದರು. ಚಹಾ ಕುಡಿದರು. ಶಾಲೆಯ ಮಕ್ಕಳು ಟೀಚರನ್ನು ಕರೆಯುವ ಹಾಗೆ ಅವರೂ ನನ್ನನ್ನು ಬಾಯಾರ ಎಂದೇ ಕರೆಯುತ್ತಾರೆ. "ಬಾಯಾರ, ನಿಮ್ಮ ಮನ್ಯಾಗ ಫೋನ್ ಐತಿ. ಖಾನಾಪುರದಾಗ ನಮ್ಮ ಬೋರ್ಡಿಗಿ ಬರೂ ಮಂದಿ ಐದಾರು ಐತಿ. ಪ್ರತಿ ಸಲಾ ಬೆಳಗಾವಿಗಿ ಟ್ರಂಕ್ ಕಾಲ್ ಹಚ್ಚಾಕ ಅವ್ರಿಗಿ ಆಗಂಗಿಲ್ಲ. ಇಲ್ಲೊಂದು ಶಾಖಾ ತಗಿಯೂಣು," ಎಂದರು.

"ಅಂದ್ರ ನಾ ಏನ ಮಾಡಬೇಕು?"

"ಏನೂ ಮಾಡಬ್ಯಾಡ್ರಿ. ಮಶೀನ್ ಮಾಡತೈತಿ."

ಸಭಿಕರೇ, ಯಂತ್ರವೇ ಎಲ್ಲವನ್ನೂ ಮಾಡುತ್ತದೆ ಎಂದು ಯಾರಾದರೂ ಹೇಳಿದರೆ ನೀವು ಅವರಿಗೆ ಎರಡನೆಯ ಕಪ್ಪು ಚಹಾ ಕೊಡಬೇಡಿ.

ದಸರಾ ರಜೆಯಲ್ಲಿ ಅನಿಕೇತ ಬಂದ. ಮೂರು ಹಳೆಯ ಕಂಪ್ಯೂಟರುಗಳ ಭಾಗ ಸೇರಿಸಿ ಒಂದನ್ನು ಮಾಡಿ ತಂದಿದ್ದ. ನಡುಮನೆಯಲ್ಲಿ ಫೋನಿನ ಪಕ್ಕ ಇಟ್ಟ. ನಾನು ಎದುರಿಗೆ ಕುಳಿತೆ. ಕೈಸನ್ನೆಯಿಂದ ಇಂಥ ವಿಷಯ ಹೇಳಲು ಬರುವುದಿಲ್ಲವಲ್ಲ, ಅವನು ಖಾಲಿ ತೆರೆಯ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದು ನನಗೆ ಪಾಠ ಹೇಳಿದ. ಆ ಯಂತ್ರಕ್ಕೆ ನಮ್ಮ ಅಕ್ಷರ ಬರುತ್ತಿರಲಿಲ್ಲ. ಅಷ್ಟು ವರ್ಷ ಮಕ್ಕಳಿಗೆ ಕಲಿಸಿದವಳು ಮೊದಲ ಸಲ ಮಗನ ಮುಂದೆ ಬೆಂಚಿನ ಮೇಲೆ ಕುಳಿತೆ.

ಎರಡು ಪ್ರೋಗ್ರಾಮುಗಳಿದ್ದವು. ಪುಣೆಯ ಗೆಳೆಯರೊಬ್ಬರು ಬಾಳಾಸಾಹೇಬರಿಗೆ ಫ್ಲಾಪಿಯಲ್ಲಿ ಕಳಿಸಿದ್ದು. ರೈಲು ಖಾನಾಪುರದಲ್ಲಿ ನಿಂತಾಗ ಟಪಾಲಿನ ಚೀಲ ಬದಲಾಗುವುದನ್ನು ನೀವು ನೋಡಿರಬಹುದು. ಒಂದು ಚೀಲ ಇಳಿಯುತ್ತದೆ, ಒಂದು ಏರುತ್ತದೆ. ಮೊದಲನೆಯ ಪ್ರೋಗ್ರಾಮು ಆ ಕೆಲಸದ್ದು. ಫೋನು ಎತ್ತುತ್ತದೆ, ಆ ಕಡೆ ಇರುವುದು ಮನುಷ್ಯನೋ ಯಂತ್ರವೋ ಪರೀಕ್ಷೆ ಮಾಡುತ್ತದೆ, ಯಂತ್ರವಾದರೆ ಗುರುತಿನ ಪದ ಕೇಳುತ್ತದೆ, ಪದ ಸರಿಯಾದರೆ ಚೀಲ ಬದಲಿಸಿಕೊಳ್ಳುತ್ತದೆ. ಎರಡನೆಯದು ಚೀಲ ಬಿಚ್ಚಿ ಕಾಗದಗಳನ್ನು ವಿಂಗಡಿಸುವ ಗುಮಾಸ್ತ. ಇದು ಇವರಿಗೆ, ಇದು ಅವರಿಗೆ, ಇದು ಎಲ್ಲರಿಗೆ. ಬೆಳಗಿನ ಐದಕ್ಕೆ ಫೋನಿನ ದರ ಕಡಿಮೆ. ಆಗ ಬೆಳಗಾವಿಯ ಯಂತ್ರ ನಮ್ಮ ಯಂತ್ರಕ್ಕೆ ಫೋನು ಹಚ್ಚಬೇಕು. ಮನುಷ್ಯರು ಯಾರೂ ಬೇಡ.

ಮೊದಲ ದಿನ ಏನಾಯಿತು? ಐದಕ್ಕೆ ಸರಿಯಾಗಿ ಫೋನು ಗಂಟೆ ಬಾರಿಸಿತು. ಯಂತ್ರ ನಾಲ್ಕನೆಯ ಗಂಟೆಗೆ ಎತ್ತಬೇಕೆಂದು ಅನಿಕೇತ ಹೊಂದಿಸಿದ್ದ. ಎರಡನೆಯ ಗಂಟೆಗೇ ನಮ್ಮ ಅತ್ತೆ ಶಿವಬಸವ್ವ ಎತ್ತಿಬಿಟ್ಟರು. ಕಿವಿಗಿಟ್ಟುಕೊಂಡವರೇ ಚೀರಿದರು.

"ಅಯ್ಯ ಸಿದ್ದ್ಯಾ! ಯಾರೋ ಹಂದಿ ಹಿಡದ್ದಾರ ನೋಡೋ! ಪಾಪ, ಹೆಂಗ ಒದರಾಕತ್ತೈತಿ!"

ಅದು ಯಂತ್ರ ಎಂದು ಹೇಳಿದೆವು. ಮರುದಿನವೂ ಅವರೇ ಎತ್ತಿದರು. ಏಕೆ ಎಂದರೆ, "ಯಾರರ ಸತ್ತಿದ್ದರ? ಹೊತ್ತಿಲ್ಲದ ಹೊತ್ತಿನ್ಯಾಗ ಫೋನ ಬಂದ್ರ ಎತ್ತಬಾರದೇನ?" ಎಂದರು. ನ್ಯಾಯದ ಮಾತೇ. ಅತ್ತೆಯನ್ನು ಬದಲಿಸಲು ಆಗುವುದಿಲ್ಲ ಎಂಬುದು ನನಗೆ ಮೊದಲಿಂದಲೂ ಗೊತ್ತಿದ್ದ ವಿಷಯ. ಆದ್ದರಿಂದ ಯಂತ್ರವನ್ನು ಬದಲಿಸಿದೆವು. ಮೊದಲನೆಯ ಗಂಟೆಗೇ ಎತ್ತುವಂತೆ ಅನಿಕೇತ ಮಾಡಿದ.

ಆಗ ನಾನೊಂದು ಸಂಗತಿ ನೋಡಿದೆ. ಬಾಳಾಸಾಹೇಬರು ಯಂತ್ರ ಕೂಡಿತೋ ಇಲ್ಲವೋ ಎಂಬುದನ್ನು ಆ ಚೀರಾಟ ಕೇಳಿ ಹೇಳುತ್ತಾರೆ. ನನ್ನ ಮಗನಿಗೆ ಅದು ಹೇಗೆ ತಿಳಿಯಬೇಕು? ಅವನು ಮೋಡೆಮಿನ ಮುಂದೆ ಮಂಡಿಯೂರಿ ಕೂತು ಅದರ ಕೆಂಪು ದೀಪಗಳನ್ನು ನೋಡುತ್ತಿದ್ದ. ಯಾವುದು ಹೊತ್ತಿತು, ಯಾವುದು ಮಿಣುಕಿತು. ಬಾಳಾಸಾಹೇಬರು ಕಿವಿಯಿಂದ ಓದಿದ್ದನ್ನು ಅವನು ಕಣ್ಣಿನಿಂದ ಓದುತ್ತಿದ್ದ.

ಮೂರನೆಯ ದಿನ ಯಂತ್ರಗಳು ಕೂಡಿದವು. ಚೀಲ ಬಂತು. ಆದರೆ ಬಿಚ್ಚಿದರೆ ಒಂದೂ ಕಾಗದ ಇಲ್ಲ! ಗುಮಾಸ್ತ ಎಲ್ಲವನ್ನೂ ತೆಗೆದು ಬೇವಾರಸಿ ಕಾಗದಗಳ ಮೂಲೆಗೆ ಒಗೆದಿದ್ದ. ಅನಿಕೇತ ಇಡೀ ದಿನ ಕುಳಿತ. ಊಟಕ್ಕೆ ಕರೆದರೆ ಬರಲಿಲ್ಲ. ಬಾಳಾಸಾಹೇಬರು ಫೋನಿನಲ್ಲಿ ನನಗೆ ಹೇಳಿದರು, "ಖರೇ ಹೇಳತೀನ್ರಿ ಬಾಯಾರ, ನನಗೂ ತಿಳೀವಲ್ದು."

ನಾನು ಸುಮ್ಮನೆ ಮಗನ ಹಿಂದೆ ನಿಂತು ತೆರೆ ನೋಡುತ್ತಿದ್ದೆ. ನನಗೆ ಪ್ರೋಗ್ರಾಮು ತಿಳಿಯುವುದಿಲ್ಲ. ಆದರೆ ತಪ್ಪು ಕಾಗುಣಿತ ನೂರು ಹೆಜ್ಜೆಯ ಆಚೆಯಿಂದಲೂ ಕಣ್ಣಿಗೆ ಚುಚ್ಚುತ್ತದೆ. ನಮ್ಮ ಕಡೆ ಊರಿನ ಹೆಸರು ಸರಿಯಾಗಿತ್ತು. ಬೆಳಗಾವಿಯಿಂದ ಬಂದ ಚೀಲದ ಮೇಲೆ ಎರಡನೆಯ ಇಂಗ್ಲಿಷ್ ಅಕ್ಷರ, ಎಚ್, ಬಿಟ್ಟುಹೋಗಿತ್ತು. ಖಾನಾಪುರವಲ್ಲ, ಕಾನಾಪುರ! ಹೆಸರು ಬರೆದವರು ಯಾರು? ಇಲ್ಲೇ ಶಾಲು ಹೊದ್ದು ಕುಳಿತಿದ್ದಾರೆ, ನೀವೇ ಕೇಳಿರಿ. ಬಾಳಾಸಾಹೇಬರೇ, ಮಹಾಪ್ರಾಣ ಬಿಟ್ಟರೆ ಪ್ರಾಣ ಹೋಗುತ್ತದೆ ಎಂದು ನಾನು ಎಷ್ಟು ಮಕ್ಕಳಿಗೆ ಹೇಳಿದ್ದೆ! ಆ ಮಾತು ಒಂದು ಯಂತ್ರದ ಮೇಲೂ ನಡೆಯುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಹೆಸರು ತಿದ್ದಿದರು. ಮರುದಿನ ಅನಿಕೇತ ಬೆಳಗಾವಿಗೆ ಹೋದ.

ಅದರ ಮರುದಿನ ಬೆಳಗಿನ ಐದು. ಹೊರಗೆ ಇನ್ನೂ ನಸುಗತ್ತಲು. ಸಿದ್ದಪ್ಪನವರ ಬಸ್ಸು ಆರಕ್ಕೆ ಹೊರಡುತ್ತದೆ, ಅವರು ಸಮವಸ್ತ್ರ ಹಾಕಿಕೊಂಡು ಚಹಾ ಹಿಡಿದು ನಿಂತಿದ್ದರು. ಫೋನು ಒಂದೇ ಸಲ ಗಂಟೆ ಬಾರಿಸಿತು. ದೀಪಗಳು ಹೊತ್ತಿದವು, ಮಿಣುಕಿದವು, ಆರಿದವು. ಗುಮಾಸ್ತ ತನ್ನ ಕೆಲಸ ಮಾಡಿದ. ತೆರೆಯ ಮೇಲೆ ನನ್ನ ಹೆಸರು ಬಂತು. ತೆರೆದೆ.

"ಅವ್ವಾ, ನಿಮ್ಮ ಊಟವಾಯಿತೇ?"

ಅಷ್ಟೇ. ಅವನಿಗೆ ಆಗ ಇಪ್ಪತ್ತೆರಡು ವರ್ಷ. ಬೇರೆ ಊರಿನಲ್ಲಿ ಕುಳಿತು, ನಡುವೆ ಯಾರ ಬಾಯಿಯೂ ಇಲ್ಲದೆ, ನನ್ನ ಮಗ ನನ್ನನ್ನು ಮೊದಲ ಸಲ ಅವ್ವಾ ಎಂದು ಕರೆದ. ನಮ್ಮ ಮನೆಯ ಫೋನಿನಲ್ಲಿ ಆತನಕ ಎಷ್ಟೋ ಜನ ಮಾತಾಡಿದ್ದರು. ಅದು ಅವನ ಪಾಲಿಗೆ ಮಾತ್ರ ಸತ್ತ ಕಟ್ಟಿಗೆಯಾಗಿತ್ತು. ಈಗ ಅದೇ ತಂತಿಯಲ್ಲಿ ಅವನು ಬಂದಿದ್ದ. ನಾನು ತೆರೆಯನ್ನು ಮುಟ್ಟಿದೆ. ಬೆರಳಿಗೆ ಸಣ್ಣಗೆ ಕರೆಂಟು ಚುರ್ ಎಂದಿತು. ನಗಬೇಡಿರಿ, ನಾನು ಕೈ ಮುಗಿದೆ.

ಸಿದ್ದಪ್ಪನವರು ಚಹಾ ಕುಡಿಯುವುದನ್ನು ಮರೆತು ನೋಡುತ್ತಿದ್ದರು. "ಇದು ಅಂವನಽ ಬರದಾನೇನು?" ಎಂದರು. "ಹೌದ್ರೀ," ಎಂದೆ. "ನಿನ್ನೆ?" "ನಿನ್ನೆ ಸಂಜೀಕ ಬರದಾನ." ತಣಿದ ಚಹಾ ಕೆಳಗಿಟ್ಟರು. ಬಸ್ಸಿಗೆ ಹೋದರು.

ಆಮೇಲೆ ದಿನಾಲೂ ಕಾಗದ. ಒಂದು ಸಲ ನಾನು "ಅಜ್ಜಿ ಕಾಳು ಒಡೆದರು" ಎಂದು ಬರೆದೆ. ಇಂಗ್ಲಿಷ್ ಅಕ್ಷರದಲ್ಲಿ ಕಾಳೂ ಒಂದೇ ಕಾಲೂ ಒಂದೇ. "ಯಾರ ಕಾಲು? ವೈದ್ಯರ ಬಳಿ ಹೋದಿರಾ?" ಎಂದು ಮರುದಿನ ಗಾಬರಿಯ ಉತ್ತರ ಬಂತು. ನಮ್ಮ ಅತ್ತೆಯವರ ಸ್ವಭಾವ ಬಲ್ಲವನಾದ್ದರಿಂದ ಅವರು ಯಾರದೋ ಕಾಲು ಮುರಿದರೆಂದು ನಂಬಿದ್ದ.

ಫಲಕದಲ್ಲಿ ಊರವರೂ ಬರೆಯುತ್ತಿದ್ದರು, ಕೆಲವರು ಕನ್ನಡದಲ್ಲಿ, ಕೆಲವರು ಮರಾಠಿಯಲ್ಲಿ. ಎರಡೂ ಒಂದೇ ಇಂಗ್ಲಿಷ್ ಅಂಗಿ ತೊಟ್ಟು ಬರುತ್ತಿದ್ದುದರಿಂದ ಮೊದಲ ಸಾಲು ಓದುವ ತನಕ ಯಾವುದು ಯಾವುದೆಂದು ಗೊತ್ತಾಗುತ್ತಿರಲಿಲ್ಲ. ಜಗಳವೂ ಆಗಲಿಲ್ಲ. ಈ ಊರಿನಲ್ಲಿ ಅದೇನು ಸಣ್ಣ ಸಂಗತಿಯೇ?

ಇಲ್ಲಿಗೆ ನಿಲ್ಲಿಸಬೇಕೆಂದಿದ್ದೆ. ನಿಲ್ಲಿಸಿದರೆ ಬಾಳಾಸಾಹೇಬರ ಋಣ ಅರ್ಧವೇ ಹೇಳಿದಂತಾಗುತ್ತದೆ. ಹೇಳಿಬಿಡುತ್ತೇನೆ.

ಮುಂದಿನ ಮಳೆಗಾಲ. ಒಂದು ಬೆಳಿಗ್ಗೆ ಚೀಲ ಬಂತು. ತೆರೆಯ ಮೇಲೆ ನನ್ನ ಹೆಸರಿಗೆ ಕಾಗದವಿಲ್ಲ ಎಂದು ಬಂತು. ನಾನು ಒಲೆಯ ಕಡೆ ಹೋದೆ. ತಿರುಗಿ ನೋಡಿದರೆ ನಮ್ಮ ಮನೆಯವರು ಯಂತ್ರದ ಮುಂದೆ ಕುಳಿತು ಒಂದೇ ಬೆರಳಿನಿಂದ ಏನೋ ಒತ್ತುತ್ತಿದ್ದಾರೆ! ಏಳನೆಯ ಇಯತ್ತೆ ಕಲಿತವರು. ಇಂಗ್ಲಿಷ್ ಅಕ್ಷರಗಳನ್ನು ಗಾಡಿಗಳ ನಂಬರು ಫಲಕ ನೋಡಿ ಕಲಿತವರು. ನಾನು ಬಂದೊಡನೆ ಕೈ ತೆಗೆದರು.

"ಏನ ಮಾಡಾಕತ್ತೀರಿ?"

"ಏನಿಲ್ಲ. ಧೂಳ ಒರಸಾಕತ್ತಿದ್ನಿ."

ನಾಲ್ಕು ದಿನ ಬಿಟ್ಟು, ರೊಟ್ಟಿ ತಿನ್ನುತ್ತ ಕೇಳಿದರು. "ಸಂಗವ್ವಾ, 'ಹೆದರಬ್ಯಾಡ' ಅಂತ ಬರಿಯಾಕ ಯಾವ್ಯಾವ ಅಕ್ಷರ ಬೇಕು?"

"ಯಾರಿಗಿ ಬರೀತೀರಿ?"

"ನಿನಗ್ಯಾಕ?"

ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದೆ. ನನ್ನ ಮಗನಿಗೆ ಅವನ ಅಪ್ಪ ಏನಾದರೂ ಹೇಳಬೇಕಾದರೆ, ನನಗ್ಯಾಕೆ? ನನಗೇ ಅಲ್ಲವೇ?

"ಯಾಕ ಹೆದರ್‍ಯಾನಂವ? ನನಗ ಹೇಳ್ರಿ. ನಾ ಅವನ ತಾಯಿ ಅದೀನಿ."

ಅವರು ರೊಟ್ಟಿ ಕೆಳಗಿಟ್ಟರು. "ಒಬ್ಬ ಹುಡುಗೀನ ಲಗ್ನಾ ಆಗತೀನಂತ ಅಂವ ನನಗ ಬರದಾನ. ಹೆಸರು ಪೂರ್ಣಿಮಾ. ಕಾಕತಿಯವರು. ಅವನ ಸಾಲ್ಯಾಗ ಕಲಿತಾಕಿ. ಈಗ ಬೆಳಗಾವ್ಯಾಗ ಛಾಪಖಾನ್ಯಾಗ ಅಕ್ಷರ ಜೋಡಸತಾಳ. ನಾ ಡ್ಯೂಟಿ ಮುಗಿಸಿ ಕಾಕತಿಗೆ ಹೋಗಿ ಅವ್ರ ಮಂದೀನ ನೋಡಿ ಬಂದೀನಿ. ಚೊಲೋ ಮಂದಿ. ನಿನಗ ಎರಡು ವರ್ಷದಿಂದ ಗೊತ್ತಿತ್ತಂತಲ್ಲ?"

ಸಭಿಕರೇ, ನನಗೆ ಗೊತ್ತಿತ್ತು. ಅನಿಕೇತ ನನಗೆ ಹೇಳಿದ್ದ, ಅಪ್ಪನಿಗೆ ಹೇಳೆಂದು ಕೈ ಹಿಡಿದು ಕೇಳಿದ್ದ. ನಾನು ಹೇಳುವ ಹೊತ್ತು ನೋಡುತ್ತಿದ್ದೆ. ಹೊತ್ತು ಬಂದಿರಲಿಲ್ಲ. ಆ ಹುಡುಗಿಗೂ ಕಿವಿ ಕೇಳಿಸುವುದಿಲ್ಲ. ಇಬ್ಬರೂ ಹಾಗೇ ಆದರೆ ನಾಳೆ ಕೂಸು ಅತ್ತರೆ ಯಾರು ಕೇಳಬೇಕು? ಬಾಗಿಲು ಬಡಿದರೆ ಯಾರು ತೆಗೆಯಬೇಕು? ಅವನಿಗೊಬ್ಬ ಕೇಳುವವಳನ್ನೇ ಹುಡುಕಬೇಕು, ನಾನು ಹೋದ ಮೇಲೆ ಅವನಿಗೊಂದು ಬಾಯಿ ಬೇಕಲ್ಲ ಎಂದು ನಾನು ಯೋಚಿಸಿದ್ದರಲ್ಲಿ ಏನಿತ್ತು ತಪ್ಪು?

ನಮ್ಮ ಮನೆಯವರಿಗೂ ಇದನ್ನೇ ಹೇಳಿದೆ. ಅವರು ಅಂದರು, "ಅದನ್ನ ನೀನಽ ಅವಗ ಬರಿ. ನಾ ನಡುವ ಬರಂಗಿಲ್ಲ."

ಬರೆದೆ. ಆ ಸಂಜೆ ಕೂತು, ಸಿಟ್ಟಿನಿಂದಲೇ ಬರೆದೆ. ಮರುದಿನ ಬೆಳಗಾವಿಗೆ ಹೋಯಿತು. ಅದರ ಮರುದಿನ ಉತ್ತರ ಬರಲಿಲ್ಲ. ಆ ಬಳಿಕವೂ ಇಲ್ಲ. ಪ್ರತಿ ಬೆಳಿಗ್ಗೆ ಫೋನು ಒಂದೇ ಸಲ ಗಂಟೆ ಬಾರಿಸಿ, ದೀಪ ಮಿಣುಕಿ, ಕಾಗದವಿಲ್ಲ ಎನ್ನುತ್ತಿತ್ತು. ನಾನು ಆ ಯಂತ್ರದ ಮುಂದೆ ಕೂತು ಕಾಯುವುದನ್ನು ಕಂಡು ಅತ್ತೆಯವರು, "ಕಟ್ಟಿಗಿ ಕೂಡ ಯಾಕ ಜಗಳಾಡತಿ, ಬಾ, ಚಾ ಕುಡಿ," ಎನ್ನುತ್ತಿದ್ದರು.

ವಾರದ ಕೊನೆಗೆ ಅವನೇ ಬಂದ. ಉತ್ತರವನ್ನು ಕೈಯಲ್ಲಿ ಹಿಡಿದುಕೊಂಡೇ ಬಂದಿದ್ದ: ಅಂಗೈಯಷ್ಟು ಹಲಗೆ, ಅದರ ಮೇಲೆ ಹಳೆಯ ಟೇಪ್ ರೆಕಾರ್ಡರಿನ ಮೈಕು, ಒಂದು ದೊಡ್ಡ ಬಲ್ಬು. ಅಜ್ಜಿಯ ಮುಂದೆ ಇಟ್ಟು, ಅಳು ಎಂದು ಸನ್ನೆ ಮಾಡಿದ. ಅತ್ತೆಯವರಿಗೆ ಇಂಥದ್ದೆಲ್ಲ ಬಹಳ ಖುಷಿ. ಕೂಸಿನ ಹಾಗೆ "ಕುಂಯ್ಯೋ" ಎಂದು ಅತ್ತರು. ಬಲ್ಬು ಭಗ್ಗನೆ ಹೊತ್ತಿತು. ನಿಲ್ಲಿಸಿದರು, ಆರಿತು. "ಅಯ್ಯ, ನಿನ್ನ!" ಎಂದು ಬೆರಗಿನಿಂದ ಬೈದರು, ಬೈಗುಳಕ್ಕೂ ಹೊತ್ತಿತು. ಅನಿಕೇತ ಯಂತ್ರದ ಮುಂದೆ ಕೂತು ನನಗಾಗಿ ಬರೆದ. "ಮೋಡೆಮ್ ಚೀರುವುದು ನನಗೆ ಕೇಳುವುದಿಲ್ಲ. ಆದರೆ ಅದು ಹೇಳುವುದನ್ನು ನಾನು ಎಂದೂ ತಪ್ಪಿಸಿಕೊಂಡಿಲ್ಲ. ನನ್ನ ಮಗುವಿನ ಅಳುವನ್ನು ತಪ್ಪಿಸಿಕೊಳ್ಳುವೆನೇ?"

ಅವನು ಆ ಒಂದು ವಾರ ಮುನಿಸಿಕೊಂಡಿದ್ದಾನೆಂದು ತಿಳಿದಿದ್ದೆ. ಅವನು ಕೆಲಸ ಮಾಡುತ್ತಿದ್ದ.

ಕಾಕತಿಗೆ ಹೋದೆವು. ಪೂರ್ಣಿಮಾಳ ತಾಯಿ ಪದ್ಮವ್ವ ಅಂಗಳದಲ್ಲೇ ನನ್ನ ಕೈ ಹಿಡಿದುಕೊಂಡರು. "ನಮ್ಮ ಹುಡುಗಿಗಿ ನಾನಽ ಬಾಯಿರಿ, ಬಾಯಾರ. ಲಗ್ನಾ ಆದ ಮ್ಯಾಲ ಹೆಂಗ ಅಂತ ನಿದ್ದಿ ಹತ್ತವಲ್ದು," ಎಂದರು. ನಾವಿಬ್ಬರೂ ಒಳಗೆ ಕೂತು ಅದನ್ನೇ ಮಾತಾಡುತ್ತಿದ್ದೆವು. ಕಿಟಕಿಯಿಂದ ಪಡಸಾಲೆ ಕಾಣುತ್ತಿತ್ತು. ಅನಿಕೇತ, ಪೂರ್ಣಿಮಾ ಎದುರುಬದುರು ಕೂತಿದ್ದರು. ಅವರ ಕೈಗಳು ಆಡುತ್ತಿದ್ದವು. ಅಬ್ಬಾ, ಏನು ವೇಗ! ಒಬ್ಬರದು ಮುಗಿಯುವ ಮೊದಲೇ ಇನ್ನೊಬ್ಬರದು ಶುರು, ನಡುವೆ ನಗು, ನಡುವೆ ಜಗಳ, ಮತ್ತೆ ನಗು. ನಾನು ನೋಡಿದೆ, ಪದ್ಮವ್ವ ನೋಡಿದರು. "ಏನ ಅಂತಾರ್ರಿ?" ಎಂದು ಅವರು ನನ್ನನ್ನು ಕೇಳಿದರು. ನನಗೆ ಹತ್ತರಲ್ಲಿ ಒಂದೂ ತಿಳಿದಿರಲಿಲ್ಲ. ನನ್ನ ಮಗನ ಮಾತೆಲ್ಲ ನನಗೆ ಗೊತ್ತು ಎಂದುಕೊಂಡಿದ್ದವಳು ನಾನು. ನಮ್ಮ ಅಡಿಗೆಮನೆಯ ನಾಲ್ಕು ಸನ್ನೆಗಳ ಆಚೆ ಅವನಿಗೆ ಇಷ್ಟು ದೊಡ್ಡ ಮಾತಿನ ಲೋಕವಿತ್ತು, ನಾನು ಅದರ ಬಾಗಿಲಲ್ಲಿ ಕೂಡ ನಿಂತಿರಲಿಲ್ಲ. ನಾವಿಬ್ಬರು ತಾಯಂದಿರು ಕಿಟಕಿಯಲ್ಲಿ ಹಾಗೇ ನಿಂತುಬಿಟ್ಟೆವು. ಪರದೇಶದಿಂದ ಬಂದ ಎರಡು ಹಕ್ಕಿಗಳನ್ನು ನೋಡಿದ ಹಾಗೆ ನೋಡುತ್ತ ನಿಂತೆವು.

ಕಳೆದ ವರ್ಷ ಲಗ್ನವಾಯಿತು. ಈಗ ಅಲ್ಲಿ ಹಿಂದೆ ಅಳುತ್ತಿರುವುದು ನನ್ನ ಮೊಮ್ಮಗಳೇ. ನನ್ನ ಭಾಷಣದ ಮೇಲಿನ ಅಭಿಪ್ರಾಯ ಇರಬೇಕು. ಅವರ ಮನೆಯಲ್ಲಿ ಬಲ್ಬು ಒಂದು ದಿನವೂ ತಪ್ಪಿಲ್ಲ. ಕೇಳುವ ಕಿವಿಯಿರುವ ಎಷ್ಟೋ ತಂದೆಗಳು ಮಗು ಅತ್ತರೆ ಮುಸುಕು ಎಳೆದುಕೊಳ್ಳುತ್ತಾರೆ. ನನ್ನ ಮಗ ಬೆಳಕು ಬಿದ್ದರೆ ಎದ್ದೇ ಏಳುತ್ತಾನೆ.

ಈಗ ಬೆಳಗಾವಿಗೆ ಇಂಟರ್‌ನೆಟ್ ಬಂದಿದೆ. ಫಲಕಕ್ಕೆ ಬರುವವರು ಕಡಿಮೆಯಾದರು. ಈ ತಿಂಗಳ ಕೊನೆಗೆ ಮುಚ್ಚುತ್ತೇನೆಂದು ಬಾಳಾಸಾಹೇಬರು ಹೇಳಿದ್ದಾರೆ, ಅದಕ್ಕಾಗಿಯೇ ಈ ಸತ್ಕಾರ. ಹೊಸದರಲ್ಲಿ ನಮ್ಮ ಕಾಗದಗಳು ಇನ್ನೂ ಬೇಗ ಹೋಗುತ್ತವಂತೆ. ಹೋಗಲಿ.

ಮುಚ್ಚುವ ಸುದ್ದಿ ಬಂದ ದಿನ ನಾನು ನಮ್ಮ ಮನೆಯವರನ್ನು ಕೇಳಿದೆ. ಎರಡು ವರ್ಷದ ಮೇಲಾಯಿತು, ದಿನಾಲೂ ಬೆಳಿಗ್ಗೆ ಕೂತು ಒಂದು ಬೆರಳಿನಿಂದ ಒತ್ತುತ್ತೀರಿ. ಲಗ್ನದ ಮಾತು ಮುಗಿದೇ ಎಷ್ಟೋ ಕಾಲವಾಯಿತು. ಅಷ್ಟು ಏನಿರುತ್ತದೆ ಬರೆಯಲು? ಅವರು ಎದ್ದು, ತಮ್ಮ ಹೆಸರು ಒತ್ತಿ, ಕುರ್ಚಿ ಸರಿಸಿ ನನಗೆ ಜಾಗ ಕೊಟ್ಟರು. ನಾನು ಓದಿದೆ. ಅಪ್ಪ ಬರೆದದ್ದು, ಮಗ ಬರೆದದ್ದು, ಒಂದರ ಕೆಳಗೆ ಒಂದು.

"ಇವತ್ತ ಪೀರನವಾಡಿ ಹತ್ರ ಎಮ್ಮಿ ಅಡ್ಡ ಬಂದ್ವು. ಗಾಡಿ ತಡಾ ಆತು."

"ಗೊತ್ತೈತಿ. ಡಬ್ಬಿ ತಡಾ ಬಂತು. ಪಲ್ಯಾಕ ಉಪ್ಪ ಭಾಳ ಆಗಿತ್ತು."

"ನನಗೂ ಹಂಗಽ ಅನಸ್ತು. ಅವ್ವಗ ಹೇಳಬ್ಯಾಡ."

"ಹೇಳಂಗಿಲ್ಲ. ಅಲ್ಲಿ ಮಳಿ ಐತೇನು?"

"ಐತಿ. ಭಾಳ ಐತಿ."

ನಾನು ಮತ್ತೆ ಓದಿದೆ. ಮೊದಮೊದಲಿನ ಕಾಗದಗಳಲ್ಲಿ 'ಊಟವಾಯಿತೇ', 'ಮಳೆ ಬರುತ್ತಿದೆಯೇ' ಎಂದು ನಾನು ಕಲಿಸಿದ ಕನ್ನಡವೇ ಇತ್ತು. ಹೋಗುತ್ತ ಹೋಗುತ್ತ, ಅಪ್ಪ ಬರೆದದ್ದನ್ನು ನೋಡಿ ನೋಡಿ, 'ಐತಿ' ಬಂತು, 'ಆತು' ಬಂತು, 'ಭಾಳ' ಬಂತು. ಒಂದು ಸದ್ದನ್ನೂ ಕೇಳದ ನನ್ನ ಮಗ ಖಾನಾಪುರದ ಮಾತಾಡುತ್ತಿದ್ದ. ನಮ್ಮ ಓಣಿಯ ಮಾತು, ಅವನ ಅಜ್ಜನ ಮಾತು. ಅದನ್ನು ಅವನಿಗೆ ನಾನು ಕೊಟ್ಟಿರಲಿಲ್ಲ. ಕೊಡಬೇಕೆಂದು ನನಗೆ ಹೊಳೆದೂ ಇರಲಿಲ್ಲ.

"ಇಷ್ಟಽ ಏನ್ರಿ?" ಎಂದೆ.

"ಇಷ್ಟಽ," ಎಂದರು ಸಿದ್ದಪ್ಪನವರು, ಟೊಪ್ಪಿಗೆ ಹಾಕಿಕೊಳ್ಳುತ್ತ. "ಅಪ್ಪ ಮಗ ಮತ್ತೇನ ಮಾತಾಡತಾರ?"

ಬಾಳಾಸಾಹೇಬರೇ, ನಿಮಗೆ ಶಾಲು ಹೊದಿಸಿದ್ದಾರೆ, ಹಣ್ಣು ಕೊಟ್ಟಿದ್ದಾರೆ. ಅವಕ್ಕಿಂತ ಹೆಚ್ಚಿನದು ನನ್ನ ಬಳಿಯೂ ಇಲ್ಲ. ನಮ್ಮ ಮನೆಯಲ್ಲಿ ಇಬ್ಬರು ಗಂಡಸರು ನನ್ನ ಪಲ್ಯದ ಮೇಲೆ ನನಗೆ ಗೊತ್ತಾಗದಂತೆ ಮಾತಾಡಿಕೊಳ್ಳುತ್ತಾರೆ. ಅದಕ್ಕಾಗಿ ನಿಮಗೆ ನನ್ನ ಕೃತಜ್ಞತೆ. ಕೈ ನೋಯಿಸಿಕೊಂಡ ಗೌರವ್ವನವರಿಗೆ, ಗಂಟೆ ಹೊಡೆಯದೆ ಬಿಟ್ಟ ಅಧ್ಯಕ್ಷರಿಗೆ, ಸಂಘಟಕರಿಗೆ, ಇಷ್ಟು ಹೊತ್ತು ಕೇಳಿದವರಿಗೆ ಮತ್ತು ನೋಡಿದವರಿಗೆ, ಎಲ್ಲರಿಗೂ ನನ್ನ ನಮಸ್ಕಾರ.